ಎಡಗಡೆಯಲ್ಲಿ ಪಾಲಯ್ಯ ಇದ್ದ

ನಮ್ಮ ಓಣಿಯ ಹುಡುಗನೊಬ್ಬನಿಗೆ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಕೆಲಸ ಸಿಕ್ಕಿದೆ. ಕಾಗದದಲ್ಲಿ ಬರೆದಿರುವುದು ಉಗ್ರಾಣದ ಗುಮಾಸ್ತೆ ಎಂದು. ಕರೆದಿರುವುದು ಮಾತ್ರ ಅವನ ಹಾಕಿ ಆಟ ನೋಡಿ. ಹೊರಡುವ ಮೊದಲು ಬಂದು ಕಾಲಿಗೆ ನಮಸ್ಕಾರ ಮಾಡಿ, “ತಾತ, ನೀವೂ ಇದೇ ಕೆಲಸ ಮಾಡಿದೋರಂತೆ. ಹೆಂಗಿರ್ತದೆ ಹೇಳ್ರಿ” ಎಂದು ಕೇಳಿದ. ಚೆನ್ನಾಗಿ ಊಟ ಮಾಡು, ಮೊಣಕಾಲು ಜೋಪಾನ ಎಂದು ಎರಡು ಮಾತು ಹೇಳಿ ಕಳಿಸಿದೆ. ಅವನು ಹೋದ ಮೇಲೆ, ಹೇಳಬೇಕಾದ್ದನ್ನೇ ಹೇಳಲಿಲ್ಲವಲ್ಲ ಎನ್ನಿಸಿತು. ಅದಕ್ಕೆ ಬರೆಯಲು ಕುಳಿತಿದ್ದೇನೆ.

ಹದಿನಾಲ್ಕು ವರ್ಷ ನಾನು ಹಾಕಿ ಆಡಿ ಹೊಟ್ಟೆ ಹೊರೆದೆ. ಮೊದಲು ಹೊಳಲ್ಕೆರೆ ಕಡೆಯ ಗುಡ್ಡಗಳಲ್ಲಿ ಚಿನ್ನ ಹುಡುಕುತ್ತಿದ್ದ ಒಂದು ಕಂಪನಿಗೆ, ಆಮೇಲೆ ಕೋಲಾರದ ಕಡೆಯ ಒಂದು ಗಣಿಗೆ. ಎರಡು ಕಡೆಯೂ ಹಾಜರಿ ಪುಸ್ತಕದಲ್ಲಿ ತಿಪ್ಪೇಸ್ವಾಮಿ, ಟೈಂಕೀಪರ್ ಎಂದಿತ್ತು. ಗಡಿಯಾರ ನೋಡುವುದನ್ನು ನಾನು ಕಲಿತದ್ದು ಆ ಕೆಲಸಕ್ಕೆ ಸೇರಿ ಮೂರು ತಿಂಗಳಾದ ಮೇಲೆ.

ಆಟ ಕಲಿತದ್ದು ಮಾರಿಕಣಿವೆಯಲ್ಲಿ. ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟೆ ಕಟ್ಟುತ್ತಿದ್ದ ಕಾಲ ಅದು. ಸುತ್ತಮುತ್ತಲ ಹಳ್ಳಿಗಳ ಗಟ್ಟಿ ಆಳುಗಳೆಲ್ಲ ಅಲ್ಲೇ ಕೆಲಸಕ್ಕಿದ್ದರು. ನನಗೆ ಇಪ್ಪತ್ತು ವರ್ಷ. ಅಳತೆಯವರ ಜೊತೆ ಸರಪಳಿ ಎಳೆಯುವ ಕೆಲಸ. ನನ್ನ ಊರಿನವನೇ ಆದ ಪಾಲಯ್ಯ ಕಲ್ಲು ಒಡೆಯುತ್ತಿದ್ದ. ನನಗಿಂತ ಒಂದು ವರ್ಷ ದೊಡ್ಡವನು, ಮಾತು ಕಡಿಮೆ. ಓಡಲು ನಿಂತರೆ ಮಾತ್ರ ಬೇರೆಯೇ ಮನುಷ್ಯ.

ಕಟ್ಟೆಯ ಒಳಮಗ್ಗುಲಲ್ಲಿ, ಹೊಳೆಯ ಪಕ್ಕಕ್ಕೆ, ಒಂದು ಸಮತಟ್ಟಾದ ಬಯಲಿತ್ತು. ಭಾನುವಾರ ಸಂಜೆ ಎಂಜಿನಿಯರ್ ದೊರೆಗಳು ಅಲ್ಲಿ ಹಾಕಿ ಆಡುತ್ತಿದ್ದರು. ಆ ವರ್ಷ ಚಳಿಜ್ವರ ಬಂದು ಅರ್ಧ ಕ್ಯಾಂಪು ಹಾಸಿಗೆ ಹಿಡಿಯಿತು. ಆಡಲು ಜನ ಸಾಲಲಿಲ್ಲ. ಶಾಮರಾಯರು ಎಂಬ ಓವರ್ಸಿಯರು ಇದ್ದರು, ಬೆಂಗಳೂರಿನ ದಂಡಿನಲ್ಲಿ ಆಟ ಕಲಿತು ಬಂದವರು. ಅವರು ಆಳುಗಳ ಸಾಲಿನ ಮುಂದೆ ನಡೆದು ಬಂದು, ಕಾಲು ನೋಡಿ ನೋಡಿ ಐದು ಮಂದಿಯನ್ನು ಆರಿಸಿದರು, ಸಂತೆಯಲ್ಲಿ ಎತ್ತು ಆರಿಸಿದ ಹಾಗೆ. ಅದರಲ್ಲಿ ನಾನೂ ಪಾಲಯ್ಯನೂ ಇದ್ದೆವು.

ಶಾಮರಾಯರಷ್ಟು ಒರಟು ಗುರುವನ್ನು ನಾನು ಮತ್ತೆ ಕಾಣಲಿಲ್ಲ. ಕೋಲು ಭುಜಕ್ಕಿಂತ ಮೇಲೆ ಹೋದರೆ ಅದೇ ಕೋಲು ಕಿತ್ತುಕೊಂಡು ಬೆನ್ನಿಗೆ ಒಂದು ಬಿಡುತ್ತಿದ್ದರು. ಆದರೆ ಪಾಲಯ್ಯನನ್ನು ಎಡ ಅಂಚಿಗೆ ಹಾಕಿದವರು ಅವರೇ. ಆಟ ಬಲ್ಲವರಿಗೆ ಇದರ ಬೆಲೆ ಗೊತ್ತು. ಹಾಕಿ ಕೋಲಿಗೆ ಒಂದೇ ಮಗ್ಗುಲು ಚಪ್ಪಟೆ, ಚೆಂಡನ್ನು ಆ ಮಗ್ಗುಲಿನಿಂದಲೇ ಹೊಡೆಯಬೇಕು. ಬಲ ಅಂಚಿನವನು ಓಡುತ್ತಲೇ ಚೆಂಡನ್ನು ನಡುವಿಗೆ ಕಳಿಸಬಲ್ಲ. ಎಡ ಅಂಚಿನವನು ಚೆಂಡನ್ನು ದಾಟಿ ಮುಂದೆ ಹೋಗಿ, ಮೈ ತಿರುಚಿ ಹೊಡೆಯಬೇಕು. ಹತ್ತರಲ್ಲಿ ಒಂಬತ್ತು ಮಂದಿಗೆ ಅಲ್ಲಿ ಓಟ ತಪ್ಪುತ್ತದೆ. ಪಾಲಯ್ಯನಿಗೆ ತಪ್ಪುತ್ತಿರಲಿಲ್ಲ. ಅವನ ಪಕ್ಕದಲ್ಲಿ, ಒಂದಿಷ್ಟು ಒಳಗೆ, ನನ್ನ ಜಾಗ. ನಾನು ತಲೆ ಎತ್ತಿ ನೋಡದೆ ಎಡಕ್ಕೆ ತಳ್ಳುತ್ತಿದ್ದೆ, ಅವನು ಅಲ್ಲಿರುತ್ತಿದ್ದ.

ಆ ಬಯಲಿನಲ್ಲಿ ನಾವು ಎರಡು ವರ್ಷ ಆಡಿದೆವು. ಕಟ್ಟೆ ಎದ್ದ ಮೇಲೆ ಮಳೆಗಾಲದಲ್ಲಿ ನೀರು ಹಿಂದಕ್ಕೆ ನಿಲ್ಲಲು ಶುರುವಾಯಿತು. ಕೊನೆಯ ಆಟದ ದಿನ ಬಯಲಿನ ಒಂದು ಮೂಲೆ ಆಗಲೇ ಮುಳುಗಿತ್ತು. ಶಾಮರಾಯರು ಬಿಡಲಿಲ್ಲ, ನೀರಿಲ್ಲದ ಕಡೆ ಆಡಿ ಎಂದರು. ಆಟದ ನಡುವೆ ಚೆಂಡು ಉರುಳಿ ನೀರಿಗೆ ಬಿತ್ತು. ಸೀಟಿ ಊದುವ ಮೊದಲೇ ಪಾಲಯ್ಯ ಮೊಣಕಾಲುದ್ದ ನೀರಿಗೆ ಇಳಿದು ಅಲ್ಲಿಂದಲೇ ಹೊಡೆದ. ನೀರು ಚಿಮ್ಮಿ ದೊರೆಗಳ ಮೇಲೆಲ್ಲ ಬಿತ್ತು, ಚೆಂಡು ನೇರವಾಗಿ ನನ್ನ ಕೋಲಿಗೆ ಬಂತು. ಶಾಮರಾಯರು ನಕ್ಕದ್ದನ್ನು ಅದೊಂದು ಸಲ ನೋಡಿದೆ. ಮುಂದಿನ ವಾರ ಹೋದಾಗ ಗೋಲಿನ ಕಂಬಗಳ ತುದಿ ಮಾತ್ರ ಕಾಣುತ್ತಿತ್ತು. ಇಬ್ಬರೂ ದಂಡೆಯ ಮೇಲೆ ಕುಳಿತು ಅದನ್ನು ನೋಡಿದೆವು. ಇಷ್ಟು ವಯಸ್ಸಾದರೂ, ನಿದ್ದೆ ಬರುವ ಮೊದಲು ಕಣ್ಣಿಗೆ ಕಟ್ಟುವ ನೆಲ ಅದೇ. ಅಲ್ಲಿ ಎಲ್ಲಿ ತಗ್ಗಿತ್ತು, ಎಲ್ಲಿ ಚೆಂಡು ಪುಟಿಯುತ್ತಿತ್ತು ಎಂಬುದೆಲ್ಲ ಪಾದಕ್ಕೆ ನೆನಪಿದೆ.

ಕಟ್ಟೆಯ ಕೆಲಸ ಮುಗಿದ ಮೇಲೆ ಚಿತ್ರದುರ್ಗಕ್ಕೆ ಬಂದೆವು. ಪಾಲಯ್ಯನಿಗೆ ಕಲ್ಲಿನ ಕೆಲಸ ಸಿಕ್ಕಿತು, ನಾನು ಕಂಡವರ ಹಿಂದೆ ಸರಪಳಿ ಎಳೆದುಕೊಂಡಿದ್ದೆ. ಬೆಟ್ಟದ ಬುಡದ ಮೈದಾನದಲ್ಲಿ ಪೇಟೆಯವರದೊಂದು ತಂಡವಿತ್ತು, ಬಟ್ಟೆ ಅಂಗಡಿಯವರು, ಕಚೇರಿಯ ಗುಮಾಸ್ತರು, ಮೇಷ್ಟ್ರು ಎಲ್ಲ ಸೇರಿ ಕಟ್ಟಿದ್ದು. ಅದರಲ್ಲಿ ಇಬ್ಬರೂ ಆಡುತ್ತಿದ್ದೆವು. ಒಂದು ದಿನ ಹೊಳಲ್ಕೆರೆ ಕಡೆಯ ಗಣಿ ಕಂಪನಿಯ ತಂಡ ಆಡಲು ಬಂತು. ಅವರನ್ನು ನಾಲ್ಕು ಗೋಲಿನಿಂದ ಸೋಲಿಸಿದೆವು. ಆಟ ಮುಗಿದ ಮೇಲೆ ಕಂಪನಿಯ ಹೆಡ್ ಕ್ಲಾರ್ಕ್ ನರಸಿಂಗರಾಯರು ನನ್ನ ಹತ್ತಿರ ಬಂದು, ಕಂಪನಿಗೆ ಬಾ, ಕೆಲಸ ಕೊಡುತ್ತೇವೆ, ಕೆಲಸವೆಂದರೆ ಆಟವೇ, ನಿನ್ನ ಜೋಡಿಯನ್ನೂ ಕರೆದುಕೊಂಡು ಬಾ ಎಂದರು.

ನಾನು ಕುಣಿಯುತ್ತಾ ಹೋಗಿ ಪಾಲಯ್ಯನಿಗೆ ಹೇಳಿದೆ. ಅವನು ಕಲ್ಲಿನ ಮೇಲೆ ಕುಳಿತು ಕಾಲಿಗೆ ಹತ್ತಿದ ಮುಳ್ಳು ತೆಗೆಯುತ್ತಿದ್ದ.

“ಆಡಾದು ಬ್ಯಾರೆ, ಆಡಾಕೆ ಕೂಲಿ ತಗಳಾದು ಬ್ಯಾರೆ ಕಣಲೇ ತಿಪ್ಪ,” ಎಂದ. “ಕೂಲಿ ತಗಂಡ್ರೆ ಅವ್ರು ಹೇಳ್ದಂಗೆ ಆಡಬೇಕಾಗ್ತದೆ.”

“ಆಗ ಶಾಮರಾಯರು ಹೇಳ್ದಂಗೆ ಆಡ್ಲಿಲ್ವಾ ನಾವು?”

“ಅವ್ರು ಆಟ ಹೇಳಿಕೊಟ್ರು,” ಎಂದು ಮತ್ತೆ ಮುಳ್ಳಿನ ಕಡೆ ಬಾಗಿದ.

ಅವನು ಬರಲಿಲ್ಲ. ನಾನು ಹೋದೆ. ಅವನು ನನ್ನನ್ನು ತಡೆಯಲೂ ಇಲ್ಲ, ಬಯ್ಯಲೂ ಇಲ್ಲ. ಗಾಡಿ ಏರುವಾಗ ನನ್ನ ಗಂಟು ಎತ್ತಿ ಕೊಟ್ಟ.

ಚೆಂಡು ಹೊಡೆಯುವುದಕ್ಕೆ ಸಂಬಳ ಎಂದರೆ ಆಗ ಯಾರೂ ನಂಬುತ್ತಿರಲಿಲ್ಲ. ನಾನು ಎಲ್ಲೋ ಕಳ್ಳತನಕ್ಕೆ ಇಳಿದಿದ್ದೇನೆ ಎಂದು ನಮ್ಮವ್ವ ವರ್ಷಗಟ್ಟಲೆ ಅನುಮಾನ ಪಟ್ಟಳು. ಹೆಣ್ಣು ಕೊಡಲು ಬಂದ ಮಾವನವರು ಏನು ಕೆಲಸ ಎಂದು ಕೇಳಿದಾಗ ಟೈಂಕೀಪರ್ ಎಂದೆ. ಈಗ ಎಷ್ಟು ಗಂಟೆ ಎಂದು ಕೇಳಿಬಿಟ್ಟರು. ಆಕಾಶ ನೋಡಿ ಹೇಳಿದೆ.

ಕಂಪನಿಯ ಮೊದಲ ಪಂದ್ಯದಲ್ಲೇ ನನ್ನ ಮಾನ ಹೋಯಿತು. ಮ್ಯಾನೇಜರ್ ದೊರೆ ಎಲ್ಲರಿಗೂ ಬೂಟು ತರಿಸಿದ್ದರು. ಹುಟ್ಟಿದಾಗಿನಿಂದ ಬರಿಗಾಲಲ್ಲಿ ಓಡಿದವನು ನಾನು. ಬೂಟು ಹಾಕಿಕೊಂಡು ನಡೆದರೆ ನೆಲ ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಎರಡು ಸಲ ಬಿದ್ದೆ. ಮೂರನೆಯ ಸಲ ಚೆಂಡು ನನ್ನ ಬೂಟಿಗೇ ಬಡಿದು ನಮ್ಮ ಗೋಲಿನೊಳಕ್ಕೆ ಹೋಯಿತು. ಅರ್ಧ ಆಟಕ್ಕೆ ಬೂಟು ಬಿಚ್ಚಿ ಅಂಚಿಗೆ ಎಸೆದು ಆಡಿದೆ, ಮೂರು ಗೋಲು ಹೊಡೆದೆ. ಆದರೂ ದೊರೆ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಅವರಿಗೆ ಗೋಲಿಗಿಂತ ಬೂಟು ಮುಖ್ಯ ಎಂದು ಆಗ ತಿಳಿಯಿತು. ಆಮೇಲೆ ರಾತ್ರಿ ಹೊತ್ತು ಬೂಟು ಹಾಕಿಕೊಂಡೇ ಮಲಗಿ ಅಭ್ಯಾಸ ಮಾಡಿಕೊಂಡೆ.

ಆಗಿನ ಆಟಕ್ಕೂ ಈಗಿನದಕ್ಕೂ ವ್ಯತ್ಯಾಸ ಬಹಳ. ನಾವು ಚೆಂಡನ್ನು ಅಂಗೈಯಿಂದ ತಡೆದು ಕೆಳಗೆ ಬಿಟ್ಟು ಹೊಡೆಯಬಹುದಿತ್ತು. ನನ್ನ ಎಡಗೈಯ ಎರಡು ಬೆರಳು ಇವತ್ತಿಗೂ ನೆಟ್ಟಗಿಲ್ಲ. ಆಟ ಶುರುವಾಗುವಾಗ ಇಬ್ಬರು ಎದುರುಬದುರು ನಿಂತು, ನೆಲಕ್ಕೊಮ್ಮೆ ಕೋಲಿಗೊಮ್ಮೆ ಮೂರು ಸಲ ಬಡಿದು ಚೆಂಡಿಗೆ ಹಾಯುತ್ತಿದ್ದರು. ಕೋಲು ನಮ್ಮ ಎತ್ತರಕ್ಕೆ ಸರಿಹೋಗದಿದ್ದರೆ ಹುಣಸೆ ಕೊಂಬೆ ಬೆಂಕಿಗೆ ಹಿಡಿದು ಬಗ್ಗಿಸಿ ನಾವೇ ಮಾಡಿಕೊಳ್ಳುತ್ತಿದ್ದೆವು. ನಮ್ಮ ಕಾಲದಲ್ಲಿ ಚೆಂಡು ಜೋರಾಗಿ ಹೊಡೆದವನೇ ಗಂಡಸು. ಈಗಿನವರು ಮೆಲ್ಲಗೆ, ಸಣ್ಣ ಸಣ್ಣದಾಗಿ ಒಬ್ಬರಿಂದೊಬ್ಬರಿಗೆ ಸಾಗಿಸುತ್ತಾರೆ. ಅದು ಒಳ್ಳೆಯದು. ಪಾಲಯ್ಯನೂ ನಾನೂ ಅದನ್ನೇ ಮಾಡುತ್ತಿದ್ದೆವು, ಅದಕ್ಕೆ ಹೆಸರಿದೆಯೆಂದು ಗೊತ್ತಿರಲಿಲ್ಲ.

ಕಂಪನಿಯ ಕೆಲಸದಲ್ಲಿ ಸುಖವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ದಿನಾ ಹಾಲು, ವಾರಕ್ಕೆರಡು ಸಲ ಮಾಂಸ, ಬೆಳಿಗ್ಗೆ ಓಟ, ಸಂಜೆ ಆಟ. ಆದರೆ ಸೋತರೆ ಗಣಿಗೆ ಇಳಿಯಬೇಕಿತ್ತು. ಕೆಟ್ಟದಾಗಿ ಸೋತ ಪಂದ್ಯದ ಮಾರನೆಯ ದಿನ ದೊರೆ ತಮಗೆ ಸಿಟ್ಟು ಬಂದವರನ್ನು ಒಂದು ವಾರ ಗಣಿಯ ಬಾವಿಯೊಳಕ್ಕೆ ಇಳಿಸುತ್ತಿದ್ದರು. ನಮ್ಮ ಗೋಲು ಕಾಯುತ್ತಿದ್ದವನು ಆರೋಗ್ಯಸ್ವಾಮಿ, ಮದರಾಸಿನ ಕಡೆಯವನು. ಹೀಗೆ ಇಳಿದ ವಾರದಲ್ಲಿ ಕಲ್ಲು ಜರುಗಿ ಅವನ ಬಲಗೈ ಜಜ್ಜಿಹೋಯಿತು. ಗೋಲು ಕಾಯುವವನ ಬಲಗೈ ಹೋದರೆ ಇನ್ನೇನು ಉಳಿಯಿತು. ಅವನನ್ನು ಊರಿಗೆ ಕಳಿಸಿದರು. ಅವನ ಹಾಸಿಗೆ ನನ್ನ ಪಕ್ಕದ್ದು. ಅದು ಖಾಲಿಯಾದ ದಿನದಿಂದ ನಾನು ಆ ಬಾವಿಯ ಬಾಯಿ ಇರುವ ದಾರಿ ಬಿಟ್ಟು ಸುತ್ತಿ ಹೋಗುತ್ತಿದ್ದೆ.

ಮೂರನೆಯ ವರ್ಷ ಚಿತ್ರದುರ್ಗದ ವರ್ತಕರು ಒಂದು ಬೆಳ್ಳಿ ಕಪ್ಪು ಇಟ್ಟು ಪಂದ್ಯ ನಡೆಸಿದರು. ಕೊನೆಯ ಆಟ ಪೇಟೆ ತಂಡಕ್ಕೂ ನಮ್ಮ ಕಂಪನಿಗೂ ಬಿತ್ತು. ಪೇಟೆ ತಂಡದ ಎಡ ಅಂಚಿನಲ್ಲಿ ಪಾಲಯ್ಯ. ಅದಕ್ಕೂ ಹಿಂದಿನ ಪಂದ್ಯದಲ್ಲಿ ಅವನು ಒಬ್ಬನೇ ಐದು ಗೋಲು ಹೊಡೆದದ್ದನ್ನು ನಮ್ಮ ದೊರೆ ಕುರ್ಚಿ ಹಾಕಿಕೊಂಡು ಕುಳಿತು ನೋಡಿದ್ದರು.

ಆಟದ ಬೆಳಿಗ್ಗೆ ನರಸಿಂಗರಾಯರು ನನ್ನನ್ನು ಕರೆದರು. ಇವತ್ತು ನೀನು ಮುಂದೆ ಆಡುವುದು ಬೇಡ, ಬಲಗಡೆ ಹಿಂದಿನ ಜಾಗದಲ್ಲಿ ನಿಂತು ಎಡ ಅಂಚಿನವನನ್ನು ನೋಡಿಕೋ ಎಂದರು. ಸರಿ ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: “ಅರ್ಧ ಆಟ ಆದ್ಮೇಲೆ ಅವನು ಓಡಬಾರ್ದು ಅಂತ ದೊರೆ ಅಂದಿದಾರೆ. ಹೆಂಗೆ ಅಂತ ನಾನು ಕೇಳ್ಲಿಲ್ಲ. ನೀನೂ ಕೇಳಬ್ಯಾಡ.”

ನಾನು ಅವರ ಮುಖ ನೋಡಿದೆ. ಅವರು ನೋಡಲಿಲ್ಲ. ಬಾವಿಯೊಳಗೆ ಆರೋಗ್ಯಸ್ವಾಮಿಯ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ ಎಂದು ಒಂದು ಮಾತು ಸೇರಿಸಿದರು. ನಾನು ಬೂಟು ಹಾಕಿಕೊಂಡು ಹೊರಟೆ.

ಮೈದಾನದ ಸುತ್ತ ಜನ ಕಿಕ್ಕಿರಿದಿದ್ದರು, ಬೆಟ್ಟದ ಬಂಡೆಗಳ ಮೇಲೂ ಕುಳಿತಿದ್ದರು. ಆಟಕ್ಕೆ ಮೊದಲು ಪಾಲಯ್ಯ ನನ್ನ ಬೂಟು ನೋಡಿ ನಕ್ಕು, ಕಾಲು ಕಚ್ಚಲ್ವಾ ಎಂದು ಕೇಳಿದ. ಮೊದಲರ್ಧ ಅವನನ್ನು ತಡೆಯಲು ನನಗೆ ಸಾಧ್ಯವಾಗಲಿಲ್ಲ. ಅವನ ಆಟ ನನಗೆ ಗೊತ್ತು ಎಂದುಕೊಂಡಿದ್ದೆ. ಆದರೆ ಪಕ್ಕದಲ್ಲಿ ನಿಂತು ಗೊತ್ತಿರುವುದು ಬೇರೆ, ಎದುರಿಗೆ ನಿಂತರೆ ಬೇರೆ. ಎರಡು ಸಲ ನನ್ನನ್ನು ದಾಟಿ ಹೋದ, ಎರಡು ಗೋಲು ಆಯಿತು. ನಮ್ಮವರೂ ಎರಡು ಹೊಡೆದು ಸಮ ಮಾಡಿದರು.

ಎರಡನೆಯರ್ಧದಲ್ಲಿ ಅವನು ಮತ್ತೆ ಬಂದ. ಚೆಂಡು ಅವನ ಮುಂದೆ ಒಂದು ಮಾರು ದೂರ ಇತ್ತು. ಅದನ್ನು ದಾಟಿ ಮುಂದೆ ಹೋಗಿ ಮೈ ತಿರುಚುತ್ತಾನೆ, ಆಗ ಅವನ ಬಲ ಮೊಣಕಾಲು ನನ್ನ ಕಡೆಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಹಾಗೆ ಅದು ಇನ್ನಾರಿಗೂ ಗೊತ್ತಿರಲಿಲ್ಲ. ಚೆಂಡು ಬಿಟ್ಟು ಅಲ್ಲಿಗೆ ಹೊಡೆದೆ.

ಅವನು ಕೂಗಲಿಲ್ಲ. ಕುಳಿತುಬಿಟ್ಟ, ಆಮೇಲೆ ಪಕ್ಕಕ್ಕೆ ಒರಗಿದ. ಸೀಟಿ ಊದಿದರು. ಕೋಲು ಜಾರಿತು ಎಂದು ನಾನು ಎಲ್ಲರಿಗೂ ಹೇಳಿದೆ. ಅಂಪೈರ್ ನಂಬಿದರು, ಪೇಟೆಯವರೂ ನಂಬಿದರು, ಅವನ ಜೋಡಿಯಲ್ಲವೇ ನಾನು. ಮಂಚದ ಮೇಲೆ ಹಾಕಿಕೊಂಡು ಹೊತ್ತೊಯ್ಯುವಾಗ ಅವನು ನನ್ನನ್ನೇ ನೋಡುತ್ತಿದ್ದ. ಮಿಕ್ಕ ಆಟ ಆಡಿದೆವು. ಗೆದ್ದೆವು.

ಮೂಳೆ ಕಟ್ಟುವವರ ಮನೆಯಲ್ಲಿ ಅವನನ್ನು ಮಲಗಿಸಿದ್ದರು. ಮಾರನೆಯ ದಿನ ಹಣ್ಣು ತೆಗೆದುಕೊಂಡು ಆ ಬೀದಿಯ ಮೂಲೆವರೆಗೆ ಹೋದೆ. ಬಾಗಿಲಲ್ಲಿ ಪೇಟೆ ತಂಡದ ಮೇಷ್ಟ್ರು ನಿಂತಿದ್ದರು. ನನ್ನನ್ನು ಕಂಡು ಕೈಬೀಸಿ ಕರೆದರು. ಹಿಂತಿರುಗಿ ನಡೆದುಬಿಟ್ಟೆ.

ಅದಾಗಿ ಎರಡು ವರ್ಷಕ್ಕೆ ಗುಡ್ಡದಲ್ಲಿ ಚಿನ್ನ ಸಾಕಷ್ಟು ಸಿಗದೆ ಕಂಪನಿ ಮುಚ್ಚಿತು. ನಾನು ಕೋಲಾರದ ಕಡೆಗೆ ಹೋದೆ. ಅಲ್ಲಿ ಆಟವೂ ದೊಡ್ಡದು, ಹೆಸರೂ ಬಂತು. ಎಡಗಡೆಗೆ ಒಳ್ಳೊಳ್ಳೆಯ ಆಟಗಾರರನ್ನು ಕೊಟ್ಟರು. ನಾನು ನೋಡದೆ ತಳ್ಳುತ್ತಿದ್ದೆ, ಚೆಂಡು ಗೆರೆ ದಾಟಿ ಹೊರಗೆ ಹೋಗುತ್ತಿತ್ತು. ನೋಡಿ ಕೊಡಪ್ಪ ಎಂದು ಅವರು ಬಯ್ಯುತ್ತಿದ್ದರು. ನೋಡಿ ಕೊಡುವುದನ್ನು ಮೂವತ್ತು ದಾಟಿದ ಮೇಲೆ ಕಲಿತೆ.

ಊರ ಕಡೆಯಿಂದ ಬಂದವರು ಪಾಲಯ್ಯನ ಸುದ್ದಿ ಹೇಳುತ್ತಿದ್ದರು. ಕಾಲು ಮಡಚಲು ಬರುವುದಿಲ್ಲವಂತೆ, ಕಲ್ಲಿನ ಕೆಲಸ ಬಿಟ್ಟನಂತೆ, ಹೊಸದುರ್ಗದಲ್ಲಿ ಹೆಂಡತಿಯ ತವರಿಗೆ ಹೋಗಿ ತೆಂಗಿನ ನಾರಿನ ಹಗ್ಗ ಹೊಸೆಯುತ್ತಾನಂತೆ. ಪ್ರತಿ ಸಲವೂ ಹೋಗಬೇಕು ಎಂದುಕೊಳ್ಳುತ್ತಿದ್ದೆ. ಆಟದ ಕಾಲ ಮುಗಿಯಲಿ, ಈ ಕಪ್ಪಿನ ಪಂದ್ಯ ಮುಗಿಯಲಿ. ಏಳು ವರ್ಷ ಹೀಗೆ ಹೋಯಿತು.

ಕೊನೆಗೆ ಒಂದು ಸಲ ನಾಲ್ಕು ದಿನ ರಜೆ ಸಿಕ್ಕಿತು. ರೈಲಿನಲ್ಲಿ ಹೊಸದುರ್ಗ ರಸ್ತೆ ಸ್ಟೇಷನ್ನಿಗೆ ಬಂದು, ಅಲ್ಲಿಂದ ಗಾಡಿಯಲ್ಲಿ ಊರಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವನು ಜಗುಲಿಯ ಮೇಲೆ ಒಂದು ಕಾಲು ನೀಡಿಕೊಂಡು ಹಗ್ಗ ಹೊಸೆಯುತ್ತಿದ್ದ. ಕೂದಲು ನರೆತಿತ್ತು. ನನ್ನನ್ನು ನೋಡಿ, ನಿನ್ನೆ ಬಂದುಹೋದವನನ್ನು ನೋಡಿದ ಹಾಗೆ, ಬಾ ಎಂದ. ಹೆಂಡತಿ ಗಿರಿಯಮ್ಮ ಚಾಪೆ ಹಾಸಿ, “ಕುಂತ್ಕಳ್ರಿ, ಇವ್ರು ದಿನಾ ನಿಮ್ಮ ಮಾತೇ ಆಡ್ತಿರ್ತಾರೆ,” ಎಂದಳು. ಆ ಮಾತು ಕೇಳಿ ನನಗೆ ಕೂರಲು ಆಗಲಿಲ್ಲ.

ನಿಂತೇ ಹೇಳಿದೆ. “ಪಾಲಯ್ಯ, ಅವತ್ತು ಕೋಲು ಜಾರಲಿಲ್ಲ.”

ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. “ನಂಗೆ ಅವತ್ತೇ ಗೊತ್ತಿತ್ತು. ನೀನು ಗುರಿ ತಪ್ಪೋ ಆಟಗಾರ ಅಲ್ಲ.”

“ಅವ್ರು ಹೇಳಿದ್ರು. ಗಣಿಗಿಳಿಸ್ತಾರೆ ಅಂತ ಹೆದರಿದ್ದೆ.”

“ಅದೂ ಗೊತ್ತು.” ಹಗ್ಗ ಕೆಳಗಿಟ್ಟು ನನ್ನ ಕಡೆ ತಿರುಗಿದ. “ಕಾಲಿಗೆ ನಾನು ಅಷ್ಟು ಸಂಕಟ ಪಡಲಿಲ್ಲ ಕಣಲೇ. ಕಲ್ಲು ಬಿದ್ದು ಮುರಿದೋರು ಎಷ್ಟು ಜನ ಅವ್ರೆ. ನೀನು ಬರ್ಲಿಲ್ಲ. ಈ ಊರಾಗೆ ಯಾರ ತಾವ ಆಟದ ಮಾತಾಡ್ಲಿ ನಾನು? ಏಳು ವರ್ಷ ಒಬ್ಬನೇ ಕುಂತು ಆಡಿದೀನಿ.”

ನಾನು ಅತ್ತೆ. ಅವನು ಅಳಲಿಲ್ಲ. ಗಿರಿಯಮ್ಮ ಒಳಗಿನಿಂದ ಮಜ್ಜಿಗೆ ತಂದಿಟ್ಟು ಹೋದಳು.

ಆಮೇಲೆ ನಾವು ಮಾತಾಡಿದೆವು. ಮಧ್ಯಾಹ್ನದ ಊಟ ಆರಿ ತಣ್ಣಗಾಯಿತು. ಅವನಿಗೆ ಪ್ರತಿಯೊಂದು ಪಂದ್ಯವೂ ನೆನಪಿತ್ತು, ನಾನು ಮರೆತವೂ ಸಹ. ಹಿರಿಯೂರಿನವರ ಮೇಲೆ ಆಡಿದಾಗ ಯಾಕೆ ಚೆಂಡು ಕೊಡಲಿಲ್ಲ ಎಂದು ಜಗಳ ತೆಗೆದ. ಕೋಲಾರದಲ್ಲಿ ಈಗ ಹೇಗೆ ಆಡುತ್ತಾರೆ ಎಂದು ಬಿಡಿಸಿ ಬಿಡಿಸಿ ಕೇಳಿದ. ನೆಲದ ಮೇಲೆ ತೆಂಗಿನ ಚಿಪ್ಪುಗಳನ್ನು ಜೋಡಿಸಿ ತೋರಿಸಿದೆ. ಅವನು ಒಂದು ಚಿಪ್ಪನ್ನು ಎಡಕ್ಕೆ ಸರಿಸಿ, ಇವನು ಇನ್ನೊಂದಿಷ್ಟು ತಡೆದು ಓಡಬೇಕು, ಮುಂಚೆ ಓಡಿ ನಿಂತ್ಕಂಡ್ರೆ ಎಲ್ರಿಗೂ ಗೊತ್ತಾಗ್ತದೆ ಎಂದ. ಅವನು ಹೇಳಿದ್ದು ಸರಿಯಾಗಿತ್ತು. ನಮ್ಮ ತಂಡ ಎರಡು ವರ್ಷದಿಂದ ತಪ್ಪುತ್ತಿದ್ದದ್ದು ಅಲ್ಲಿಯೇ.

ಹೊತ್ತು ಇಳಿಯುವಾಗ ನಾನು ಎದ್ದೆ. ರಜೆ ಇನ್ನೂ ಒಂದು ದಿನ ಇತ್ತು. ಆದರೆ ಭಾನುವಾರ ಪಂದ್ಯವಿತ್ತು, ಒಂದು ದಿನ ಮೊದಲೇ ಹೋಗಿ ಅಭ್ಯಾಸ ಮಾಡಿದರೆ ಒಳ್ಳೆಯದು ಎಂದುಕೊಂಡೆ.

“ಇವತ್ತೊಂದಿನ ಇರು,” ಎಂದ ಪಾಲಯ್ಯ. “ಬೆಳಿಗ್ಗೆ ಗಾಡಿಗೆ ನಾನೇ ಹೇಳ್ತೀನಿ. ಇನ್ನೂ ಅರ್ಧ ಮಾತು ಆಗಿಲ್ಲ.”

“ಮುಂದಿನ ತಿಂಗ್ಳು ಬರ್ತೀನಿ. ವಾರ ಪೂರ್ತಿ ಇರ್ತೀನಿ.”

ಅವನು ಗೋಡೆ ಹಿಡಿದು ಎದ್ದು, ಕಾಲು ಎಳೆದುಕೊಂಡು ಬೀದಿಯ ತನಕ ಬಂದ. ಗಾಡಿ ತೋಟದ ತಿರುವಿಗೆ ಹೋಗುವವರೆಗೂ ನಿಂತಿದ್ದ.

ಮುಂದಿನ ತಿಂಗಳು ನಾಡಿಗೆಲ್ಲ ಆ ಇನ್‌ಫ್ಲುಯೆಂಜಾ ಜ್ವರ ಬಂತು. ಮನೆಗೊಬ್ಬರಂತೆ ಜನ ಸತ್ತರು. ಹೊಸದುರ್ಗದಿಂದ ಕಾಗದ ಬಂದಾಗ ಪಾಲಯ್ಯನನ್ನು ಮಣ್ಣು ಮಾಡಿ ಹದಿನೆಂಟು ದಿನ ಆಗಿತ್ತು.

ಅದಾದ ಮೇಲೂ ನಾನು ಕೆಲವು ವರ್ಷ ಆಡಿದೆ. ದಾವಣಗೆರೆಗೆ ಹೋದ ಹುಡುಗನಿಗೆ ನಾನು ಹೇಳಬೇಕಾಗಿದ್ದದ್ದು ಇಷ್ಟು. ನಿನಗೂ ಮೇಲಿನವರು ಏನಾದರೂ ಹೇಳುತ್ತಾರೆ, ಆಗ ನಿನಗೆ ಏನು ತೋಚುತ್ತದೋ ನನಗೆ ಗೊತ್ತಿಲ್ಲ. ನನಗೇ ತೋಚಲಿಲ್ಲ. ಆದರೆ ಯಾರಾದರೂ ಒಂದು ದಿನ ಇರು ಎಂದರೆ ಇದ್ದುಬಿಡು. ಆ ಭಾನುವಾರದ ಪಂದ್ಯಕ್ಕೆ ನಾನು ಓಡಿಹೋದೆನಲ್ಲ, ಅದರಲ್ಲಿ ಗೆದ್ದೆವೋ ಸೋತೆವೋ, ಎದುರಿಗೆ ಯಾರು ಆಡಿದರೋ, ಎಷ್ಟು ನೆನೆದರೂ ಈಗ ನೆನಪಾಗುವುದಿಲ್ಲ.